ಗ್ರಂಥಾಲಯ ಕರವೂ ಗ್ರಂಥಾಲಯಗಳ ಭವಿತವ್ಯವೂ
(ಮಹೋತ್ಸವದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಸಭೆಯಲ್ಲಿ ನಾನು ಶಾಸ್ತ್ರವಿಷಯವೊಂದನ್ನು ಕುರಿತು ಮಾತನಾಡುವೆನೆಂದು ತಮ್ಮಲ್ಲನೇಕರು ಎದುರು ನೋಡಿರಬಹುದು. ನಾನು ಆರಿಸಿಕೊಂಡಿರುವುದಾದರೋ ಪುರಸಭೆಯ ಲೆಕ್ಕಪತ್ರಕ್ಕೆ ಸೇರಿದ ಒಂದು ಸಣ್ಣ ಬಾಬು. ತಾವು ವರ್ಷಕ್ಕೊಮ್ಮೆ ಮನೆಯ ಕಂದಾಯವನ್ನು ಕಟ್ಟಿ ರಸೀತಿ ಪಡೆಯುತ್ತೀರಷ್ಟೆ. ಆ ರಸೀತಿಯಲ್ಲಿ ಮುಖ್ಯ ತೆರಿಗೆಯ ಕೆಳಗೆ ಕೆಲವು ಉಪಕರಗಳು ಕಾಣುತ್ತವೆ: ಆರೋಗ್ಯಕ್ಕೆ ಇಷ್ಟು, ಭಿಕ್ಷುಕರ ಪರಿಹಾರಕ್ಕೆ ಇಷ್ಟು, ಗ್ರಂಥಾಲಯಕ್ಕೆ ಇಷ್ಟು. ಈ ಕಡೆಯದೇ ನನ್ನ ವಿಷಯವು. ರೂಪಾಯಿಗೆ 6 ಪೈಸೆಯಂತೆ, ಸಾವಿರ ರೂಪಾಯಿ ತೆರಿಗೆ ಸಲ್ಲಿಸುವವನು ಗ್ರಂಥಾಲಯಕ್ಕೆಂದು 60 ರೂಪಾಯಿಗಳನ್ನು ಕೊಡುತ್ತಾನೆ. ಕೊಟ್ಟೆನೆಂಬ ಅರಿವು ಮಾತ್ರ ಅವನಿಗಿರುವುದಿಲ್ಲ.

ಈ ಕರವು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕಾಗಿದೆ. ಬಡೋದೆಯ ಮಹಾರಾಜರಾದ ಮೂರನೆಯ ಸಯಾಜಿರಾವ್ ಗಾಯಕವಾಡರು ಅಮೇರಿಕಾ ಪ್ರವಾಸದಲ್ಲಿ ಅಲ್ಲಿನ ಪುಸ್ತಕಶಾಲೆಗಳನ್ನು ಕಂಡು ಮೆಚ್ಚಿ, 1910ರಲ್ಲಿ ಬೋರ್ಡನ್ ಎಂಬ ತಜ್ಞರನ್ನು ಆ ದೇಶದಿಂದಲೇ ಕರೆಯಿಸಿಕೊಂಡರು. ಹೊತ್ತಗೆಗಳನ್ನು ಮರದ ಪೆಟ್ಟಿಗೆಗಳಲ್ಲಿ ತುಂಬಿ ಹಳ್ಳಿಹಳ್ಳಿಗೂ ಕಳುಹುವ ಏರ್ಪಾಡು ಆಗ ನಡೆಯಿತು. ಆದರೆ ಅದು ಅರಸನ ಒಲವಿನಿಂದ ನಡೆದದ್ದು. ಅರಸನ ಒಲವು ಅರಸನೊಡನೆಯೇ ಹೋಗಬಹುದಾದ್ದರಿಂದ, ಗ್ರಂಥಾಲಯಕ್ಕೆ ಶಾಸನದ ಆಧಾರವೂ ತಪ್ಪದ ವರಮಾನವೂ ಬೇಕೆಂದು ಡಾಕ್ಟರ್ ಎಸ್. ಆರ್. ರಂಗನಾಥನ್ ಅವರು ಬಹುಕಾಲ ವಾದಿಸಿದರು. ಮದರಾಸು ಪ್ರಾಂತದಲ್ಲಿ 1948ರಲ್ಲಿಯೂ, ನಮ್ಮ ಮೈಸೂರು ರಾಜ್ಯದಲ್ಲಿ 1965ರಲ್ಲಿಯೂ ಅಂತಹ ಶಾಸನಗಳಾದವು. ಕರವನ್ನು ವಸೂಲು ಮಾಡತಕ್ಕವರು ಪುರಸಭೆ, ನಗರಸಭೆ, ಮಹಾನಗರಪಾಲಿಕೆಗಳವರು; ವಸೂಲಾದ ಹಣವನ್ನು ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸತಕ್ಕದ್ದು. ಆದುದರಿಂದ ಈ ದ್ರವ್ಯವು ಪುರಸಭೆಯ ಸ್ವಂತ ಆದಾಯವಲ್ಲ; ದಾರಿಯಲ್ಲಿ ಅವರ ಕೈಯಲ್ಲಿಟ್ಟ ಇಡುಗಂಟು.

ಈ ಇಡುಗಂಟು ಎಷ್ಟೋ ಊರುಗಳಲ್ಲಿ ಪೂರ್ತಿಯಾಗಿ ಗುರಿ ಮುಟ್ಟುತ್ತಿಲ್ಲ. ಅಂದಿನ ಬೃಹತ್ ಬೆಂಗಳೂರು ಮಹಾನಗರಪಾಲಿಕೆಯು ಗ್ರಂಥಾಲಯ ಇಲಾಖೆಗೆ ಸಲ್ಲಿಸದೆ ಉಳಿಸಿಕೊಂಡ ಕರವು ನೂರಾರು ಕೋಟಿ ರೂಪಾಯಿಗಳಿಗೆ ಏರಿತ್ತೆಂದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದಿದ್ದೇವೆ. ಚಿಕ್ಕ ಊರುಗಳಲ್ಲಿ ಮೊತ್ತ ಚಿಕ್ಕದು, ನಡತೆ ಅದೇ. ಇದನ್ನು ಯಾರೂ ಕಡಿತವೆಂದು ಕರೆಯುವುದಿಲ್ಲ. ಮುಂಗಡಪತ್ರದ ಸಭೆಯಲ್ಲಿ ಗ್ರಂಥಾಲಯದ ಹಣವನ್ನು ಕಡಿಮೆ ಮಾಡೋಣವೆಂದು ಯಾವ ಸದಸ್ಯನೂ ಎದ್ದು ನಿಂತು ಹೇಳಿದವನಲ್ಲ. ಬೀದಿದೀಪಕ್ಕೂ ಸಂಬಳಕ್ಕೂ ಹಣ ಸಾಲದೆ ಬಂದಾಗ, ಕೇಳುವವರಿಲ್ಲದ ಈ ಗಂಟಿಗೆ ಕೈ ಹೋಗುತ್ತದೆ, ಅಷ್ಟೇ. ನಲ್ಲಿಯಲ್ಲಿ ಒಂದು ದಿನ ನೀರು ಬಾರದಿದ್ದರೆ ಸಂಜೆಯೊಳಗೆ ಕೊಡಗಳು ಪುರಸಭೆಯ ಬಾಗಿಲಿಗೆ ಬರುತ್ತವೆ. ಗ್ರಂಥಾಲಯಕ್ಕೆ ಹತ್ತು ವರ್ಷ ಹೊಸ ಹೊತ್ತಗೆ ಬಾರದಿದ್ದರೂ ಸದ್ದಿಲ್ಲ.

ಬಹಿರಂಗವಾಗಿ ಕಡಿತ ಮಾಡಿದ ದೇಶವೊಂದುಂಟು. ಅದರ ವೃತ್ತಾಂತ ನಮಗೆ ಉಪಯುಕ್ತವಾದುದು. ಆಂಗ್ಲದೇಶದಲ್ಲಿ 1850ರ ಶಾಸನವು ಊರವರಿಂದ ಪೌಂಡಿಗೆ ಅರ್ಧ ಪೆನ್ನಿಯಂತೆ ಗ್ರಂಥಾಲಯದ ತೆರಿಗೆ ಎತ್ತಲು ಅನುಮತಿ ಕೊಟ್ಟಿತು. ವಿನೋದವೇನೆಂದರೆ, ಆ ಹಣದಿಂದ ಕಟ್ಟಡ ಕಟ್ಟಬಹುದಾಗಿತ್ತು, ಹೊತ್ತಗೆ ಕೊಳ್ಳುವಂತಿರಲಿಲ್ಲ! ದಾನಿಗಳು ಕೊಟ್ಟಾರೆಂದು ನಂಬಿದ್ದರು. ಐದು ವರ್ಷಗಳಲ್ಲಿ ಈ ಲೋಪವು ತಿಳಿದು, 1855ರಲ್ಲಿ ತೆರಿಗೆಯನ್ನು ಒಂದು ಪೆನ್ನಿಗೆ ಏರಿಸಿ ಹೊತ್ತಗೆ ಕೊಳ್ಳಲೂ ಅಪ್ಪಣೆಯಿತ್ತರು. 1964ರಲ್ಲಿ ಗ್ರಂಥಾಲಯವನ್ನು ಸಮರ್ಪಕವಾಗಿ ನಡೆಸುವುದು ಸ್ಥಳೀಯ ಮಂಡಲಿಗಳ ಕಡ್ಡಾಯದ ಕರ್ತವ್ಯವೆಂದು ವಿಧಿಸಲಾಯಿತು. ಇಷ್ಟು ಬಲವಾದ ಕಟ್ಟು ಇದ್ದರೂ, 2010ರ ಬಳಿಕ ಸರಕಾರವು ಮಂಡಲಿಗಳಿಗೆ ಕೊಡುವ ಹಣವನ್ನು ಇಳಿಸಿದಾಗ, ಹತ್ತು ವರ್ಷಗಳೊಳಗೆ ಬ್ರಿಟನ್ನಿನಲ್ಲಿ ಸುಮಾರು 800 ಗ್ರಂಥಾಲಯಗಳು ಮುಚ್ಚಿದವು. ಬರ್ಮಿಂಗ್‌ಹ್ಯಾಂ ನಗರವು 2013ರಲ್ಲಿ 18 ಕೋಟಿ ಪೌಂಡಿಗೂ ಮಿಕ್ಕಿ ವೆಚ್ಚಮಾಡಿ ಭವ್ಯವಾದ ಗ್ರಂಥಾಲಯವನ್ನು ತೆರೆಯಿತು. ಎರಡೇ ವರ್ಷಗಳಲ್ಲಿ ಅದು ವಾರಕ್ಕೆ ತೆರೆದಿರುತ್ತಿದ್ದ 73 ಗಂಟೆಗಳು 40ಕ್ಕೆ ಇಳಿದವು. 2023ರಲ್ಲಿ ಆ ಮಂಡಲಿಯೇ ಆಯಕ್ಕೆ ಮೀರಿದ ವ್ಯಯದಿಂದ ಕೈಚೆಲ್ಲಿತು. ನಾರ್ಥಾಂಪ್ಟನ್‌ಷೈರ್ ಪ್ರಾಂತದವರು 2018ರಲ್ಲಿ 21 ಗ್ರಂಥಾಲಯಗಳನ್ನು ಮುಚ್ಚಲು ನಿರ್ಣಯಿಸಿದಾಗ ಮಾತ್ರ ಅಲ್ಲಿನ ಓದುಗರು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು; ಆ ನಿರ್ಣಯವು ಶಾಸನಬದ್ಧವಲ್ಲವೆಂದು ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಮುಚ್ಚುತ್ತೇವೆಂದು ಹೇಳಿದ್ದರಿಂದ ಅವರಿಗೆ ಎದುರಾಡಲು ಅವಕಾಶವಾಯಿತು. ಹೇಳದೆ ಒಣಗಿಸಿದರೆ ಯಾವ ನ್ಯಾಯಾಲಯಕ್ಕೆ ಹೋಗುವುದು?

ಒಣಗಿಸುವ ಕ್ರಮವನ್ನು ತಾವು ಚೆನ್ನಾಗಿ ಗಮನಿಸಬೇಕೆಂದು ಬೇಡುತ್ತೇನೆ. ಗ್ರಂಥಾಲಯದ ವೆಚ್ಚಗಳಲ್ಲಿ ಸಂಬಳ, ಬಾಡಿಗೆ, ವಿದ್ಯುತ್ತು ಇವುಗಳನ್ನು ತಡೆಯಲಾಗದು. ಹಿಂದುಮುಂದಾಗಿಸಬಹುದಾದದ್ದು ಹೊತ್ತಗೆ, ಪತ್ರಿಕೆಗಳ ಬಾಬೊಂದೇ. ಆದುದರಿಂದ ಬರುವ ಹಣದಲ್ಲಿ ಕಾಲುಭಾಗ ತಗ್ಗಿದರೆ ಹೊತ್ತಗೆಯಲ್ಲಿ ಕಾಲುಭಾಗವಲ್ಲ, ಹೊತ್ತಗೆಯ ಹಣವೆಲ್ಲವೂ ಹೋಗಬಹುದು. ಹೊಸದು ಬಾರದ ಕಡೆ ಓದುಗನು ಬರುವುದನ್ನು ಬಿಡುತ್ತಾನೆ. ಆಮೇಲೆ ಲೆಕ್ಕ ನೋಡುವ ಅಧಿಕಾರಿಯು ಬಂದು, ಓದುಗರೇ ಇಲ್ಲದ ಮೇಲೆ ಇದೇತಕ್ಕೆ ಎಂದು ಬರೆದುಕೊಂಡು ಹೋಗುತ್ತಾನೆ. ಅವನು ಬರೆದದ್ದು ಸುಳ್ಳಲ್ಲ. ಆದರೆ ಕಾರಣವನ್ನು ಅವನು ಕಾರ್ಯವೆಂದು ತಿಳಿದಿರುತ್ತಾನೆ. ತರ್ಕಸಂಗ್ರಹವನ್ನು ಓದಿದ ನಮ್ಮ ಪಾಠಶಾಲೆಯ ವಟುಗಳಿಗೂ ಈ ದೋಷ ತಿಳಿಯುವುದು.

ತಾಡೋಲೆಗಳ ನಡುವೆ ಆಯುಷ್ಯವನ್ನು ಕಳೆದವನಾದ್ದರಿಂದ ನನಗೆ ಇದು ಹೊಸದಾಗಿ ತೋರಲಿಲ್ಲ. ಓಲೆಯ ಕಟ್ಟು ಬೆಂಕಿಯಿಂದ ನಾಶವಾದುದಕ್ಕಿಂತ, ಒಂದು ತಲೆಮಾರಿನವರು ಎಣ್ಣೆ ಸವರದೆ, ಪ್ರತಿ ಮಾಡದೆ ಸುಮ್ಮನಿದ್ದುದರಿಂದ ನಾಶವಾದುದೇ ಹೆಚ್ಚು. ಗೆದ್ದಲು ತಿನ್ನುವಾಗ ಸದ್ದಾಗುವುದಿಲ್ಲ. ವಿಜಾಪುರದ ಫ. ಗು. ಹಳಕಟ್ಟಿಯವರು ಹೀಗೆ ಮನೆಮನೆಯ ಅಟ್ಟಗಳಲ್ಲಿ ಬಿದ್ದಿದ್ದ ಕಟ್ಟುಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸದಿದ್ದರೆ, ನಾವು ಎಷ್ಟನ್ನು ಕಳೆದುಕೊಳ್ಳುತ್ತಿದ್ದೆವೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ.

ಇನ್ನೊಂದು ಸಂಗತಿಯುಂಟು. ಕನ್ನಡದಲ್ಲಿ ಅಚ್ಚಾಗುವ ಹೊತ್ತಗೆಗಳಿಗೆ ದೊಡ್ಡ ಗಿರಾಕಿಯೆಂದರೆ ಗ್ರಂಥಾಲಯ ಇಲಾಖೆಯೇ. ಸಗಟು ಖರೀದಿಯಲ್ಲಿ ಒಂದೊಂದರ ಕೆಲವು ನೂರು ಪ್ರತಿಗಳು ಹೋದರೆ ಪ್ರಕಾಶಕನು ಕಾಗದದ ಸಾಲವನ್ನು ತೀರಿಸುವನು. ಖರೀದಿ ನಿಂತರೆ, ಮುಂದಿನ ಹೊತ್ತಗೆಗೆ ಕೈಹಾಕುವನೆ? ಮೊದಲು ಬಿಡುವುದು ಶಾಸ್ತ್ರಗ್ರಂಥ, ನಿಘಂಟು, ಪ್ರಾಚೀನ ಕಾವ್ಯಗಳ ಸಂಪಾದನೆ ಇಂತಹವುಗಳನ್ನೇ. ತಮ್ಮ ಮನೆಯ ರಸೀತಿಯ ಆ 60 ರೂಪಾಯಿಗೂ ಒಂದು ಹಳೆಯ ಕಾವ್ಯವು ಅಚ್ಚಾಗುವುದಕ್ಕೂ ಇಷ್ಟು ಹತ್ತಿರದ ನಂಟು.

ಈಗ ಕೈಯಲ್ಲಿರುವ ಯಂತ್ರದಲ್ಲಿಯೇ ಎಲ್ಲವೂ ದೊರೆಯುವಾಗ ಗ್ರಂಥಾಲಯವೇಕೆಂದು ಕೇಳುವವರುಂಟು. ನಮ್ಮ ರಾಜ್ಯದಲ್ಲಿ 2020ರಿಂದ ಡಿಜಿಟಲ್ ಗ್ರಂಥಾಲಯವೂ ನಡೆದಿದೆ, ಅದು ಒಳ್ಳೆಯದೇ. ಆದರೆ ಒಂದೇ ಕೋಣೆಯ ಮನೆಯಲ್ಲಿ ಐದು ಜನ ಮಲಗುವ ಕಡೆ ಪರೀಕ್ಷೆಗೆ ಓದುವ ಹುಡುಗಿಗೆ ಬೇಕಾದದ್ದು ಮೇಜು, ದೀಪ, ಮತ್ತು ಏತಕ್ಕೆ ಬಂದೆಯೆಂದು ಯಾರೂ ಕೇಳದ ನಾಲ್ಕು ಗಂಟೆಯ ಮೌನ. ಇದನ್ನು ಯಾವ ಯಂತ್ರವು ಕೊಟ್ಟೀತು? 2019ರಲ್ಲಿ ಐದು ಸಾವಿರಕ್ಕೂ ಮಿಕ್ಕ ಗ್ರಾಮೀಣ ಗ್ರಂಥಾಲಯಗಳನ್ನು ಪಂಚಾಯತಿಗಳ ಇಲಾಖೆಗೆ ವಹಿಸಿದ ಮೇಲೆ, ಮರುವರ್ಷ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ಕೊಡುವ ‘ಓದುವ ಬೆಳಕು’ ಕಾರ್ಯಕ್ರಮವು ನಡೆಯಿತು. ನೋಡುವವರಿದ್ದರೆ ಹಳ್ಳಿಯಲ್ಲಿಯೂ ಇದು ಸಾಧ್ಯವೆಂಬುದಕ್ಕೆ ಇದೇ ನಿದರ್ಶನ.

ಭಕ್ತರಲ್ಲಿ ಕೆಲವರು, ಪುರಸಭೆಯವರು ಮಾಡದಿದ್ದರೇನು, ಮಠದಿಂದಲೇ ಒಂದು ಗ್ರಂಥಾಲಯವನ್ನು ಕಟ್ಟಿಸೋಣ ಎನ್ನುತ್ತಾರೆ. ಅವರ ಔದಾರ್ಯಕ್ಕೆ ವಂದನೆ. ಆದರೆ ನನ್ನ ಅಭಿಪ್ರಾಯ ಬೇರೆ. ದಾನಿಗಳು ಕಟ್ಟಡಕ್ಕೆ ಹೆಸರು ಕೆತ್ತಿಸುವರು. ಪ್ರತಿವರ್ಷ ಹೊತ್ತಗೆ ಕೊಳ್ಳುವವರಾರು? 1850ರ ಆಂಗ್ಲರ ಲೋಪವೇ ಮತ್ತೆ ಆಗುವುದು. ಅಮೇರಿಕಾದ ಧನಿಕ ಕಾರ್ನೆಗಿಯವರು ಸಾವಿರಾರು ಗ್ರಂಥಾಲಯಗಳಿಗೆ ಹಣವಿತ್ತರು. ಆದರೆ ನಿವೇಶನವನ್ನು ಊರವರೇ ಕೊಡಬೇಕು, ಮುಂದಿನ ಪೋಷಣೆಗೆ ಊರವರೇ ತೆರಿಗೆಯಿಂದ ಹಣ ಹೊಂದಿಸಬೇಕು ಎಂಬ ಕರಾರಿನ ಮೇಲೆ. ಕೊಡುವವರಿಗೆ ಇಷ್ಟು ಬಿಗಿ ಇರಬೇಕು. ಅಲ್ಲದೆ ನಾವು ಒಮ್ಮೆ ತೆತ್ತಿರುವುದಕ್ಕೆ ಮತ್ತೊಮ್ಮೆ ದಾನ ಮಾಡಿದರೆ, ಮೊದಲಿನ ಹಣವನ್ನು ಉಳಿಸಿಕೊಂಡವರಿಗೆ ಅದು ಬಿಡುಗಡೆಯ ಪತ್ರವಾಗುವುದು.

ಆದುದರಿಂದ ನನ್ನ ವಿಜ್ಞಾಪನೆ ಇಷ್ಟೇ. ತಾವು ತಮ್ಮ ತಮ್ಮ ಊರಿಗೆ ಹೋದ ಮೇಲೆ ಕಂದಾಯದ ರಸೀತಿಯನ್ನು ತೆಗೆದು ನೋಡಬೇಕು. ಪುರಸಭೆಗೆ ವಿನಯದಿಂದ, ಬರವಣಿಗೆಯಲ್ಲಿ, ಮೂರು ಪ್ರಶ್ನೆಗಳನ್ನು ಹಾಕಬೇಕು: ಕಳೆದ ವರ್ಷ ಗ್ರಂಥಾಲಯ ಕರವೆಂದು ಎಷ್ಟು ವಸೂಲಾಯಿತು, ಪ್ರಾಧಿಕಾರಕ್ಕೆ ಎಷ್ಟು ಸಂದಿತು, ಉಳಿದದ್ದು ಎಲ್ಲಿದೆ. 2005ರ ಮಾಹಿತಿ ಹಕ್ಕಿನ ಶಾಸನದಂತೆ ಅವರು ಮೂವತ್ತು ದಿನಗಳಲ್ಲಿ ಉತ್ತರ ಕೊಡತಕ್ಕದ್ದು. ಮಠದ ಪೇಟೆಯ ಮಳಿಗೆಗಳಿಗೂ ಕಂದಾಯವುಂಟಷ್ಟೆ. ಹಿಂದಿನ ರಸೀತಿಗಳನ್ನೆಲ್ಲ ಕೂಡಿಸಿ ಕರದ ಮೊತ್ತವನ್ನು ಬರೆದಿಟ್ಟಿದ್ದೇನೆ, ಅರ್ಜಿಯ ಕರಡೂ ಸಿದ್ಧವಾಗಿದೆ. ಪ್ರಸಾದ ಸ್ವೀಕಾರವಾದ ಬಳಿಕ ಅವು ಪಾಠಶಾಲೆಯ ಪಡಸಾಲೆಯಲ್ಲಿರುವವು; ಬೇಕಾದವರು ಬಂದು ಪ್ರತಿ ಮಾಡಿಕೊಳ್ಳಬಹುದು.