ಸನ್ನದು ಸಿಕ್ಕ ಮೇಲೂ ಓದಬೇಕು

(ವಿದ್ಯಾರ್ಥಿನಿಲಯದ ಅಧ್ಯಯನ ಶಿಬಿರವೊಂದರಲ್ಲಿ ಆಡಿದ ಮಾತು)



ನಿಮ್ಮಲ್ಲಿ ಲಾ ಓದ್ತಿರೋರು ಯಾರು ಅಂತ ಕೇಳಿದ್ವಿ. ಕೆಲವು ಕೈ ಎದ್ದವು. ಸಂತೋಷ. ಆದರೆ ಈವತ್ತು ನಾವು ಮಾತಾಡೋದು ಕರಿಕೋಟು ಹಾಕಿಕೊಂಡ ಮೇಲಿನ ಓದಿನ ಬಗ್ಗೆ. ಕೈ ಎತ್ತದವರೂ ಕೇಳಿಸಿಕೊಳ್ಳಿ. ವಕೀಲ ಓದದೆ ಇದ್ದರೆ ನಷ್ಟ ಆಗೋದು ಅವನ ಆಫೀಸಿನ ಬಾಗಿಲಲ್ಲಿ ಕಾಗದದ ಗಂಟು ಹಿಡಿದು ಕೂತಿರೋ ನಿಮ್ಮ ಅಪ್ಪನಿಗೆ, ನಿಮ್ಮ ಅವ್ವನಿಗೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡ್ತೀವಿ. ಒಂದು ಕೇರಿಗೆ ನುಗ್ಗಿ ನಮ್ಮವರನ್ನು ಹೊಡೆದಿದ್ದರು. ದೌರ್ಜನ್ಯ ತಡೆ ಕಾಯ್ದೆಯಲ್ಲಿ ಕೇಸಾಯಿತು, ಆರೋಪಿಗಳು ಜೈಲಿಗೆ ಹೋದರು. ಜಾಮೀನಿನ ಅರ್ಜಿ ಬಂದಾಗ ಕೇರಿಯವರು ನಮ್ಮನ್ನು ಕೇಳಿದರು, ನಾವೂ ಕೋರ್ಟಿಗೆ ಬರೋಣವಾ ಅಂತ. ನಾವು ದೊಡ್ಡದಾಗಿ ಹೇಳಿದೆವು: "ಇದು ಸರ್ಕಾರದ ಕೇಸು. ಸರ್ಕಾರಿ ವಕೀಲರು ನೋಡ್ಕೋತಾರೆ. ನೀವು ಕೂಲಿ ಕಳಕೋಬೇಡಿ." ಜಾಮೀನು ಆಯಿತು. ಸಂಜೆ ಪಟಾಕಿ ಹೊಡಕೊಂಡು ಅವರು ಊರೊಳಕ್ಕೆ ಬಂದರು. ಕೈ ಮುರಿಸಿಕೊಂಡಿದ್ದ ಒಬ್ಬ ತಾಯಿ ನಮ್ಮನ್ನು ಕೇಳಿದಳು: "ಅಲ್ಲ ಕಣ್ರಪ್ಪ, ಅವರನ್ನ ಬಿಡೋ ಮುಂಚೆ ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

ಕೇಳಬೇಕಾಗಿತ್ತು. ಆ ತಾಯಿ ಆಡಿದ ಮಾತು ಕಾಯ್ದೆಯಲ್ಲೇ ಬರೆದಿತ್ತು. 1989ರ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯಾಗಿ 15ಎ ಅನ್ನೋ ಕಲಂ ಸೇರಿತು. 2016ರ ಜನವರಿ 26ರಿಂದ ಜಾರಿಗೆ ಬಂತು. ಜಾಮೀನಿನ ವಿಚಾರಣೆಯ ವಿಷಯ ನೊಂದವರಿಗೆ ತಿಳಿಸಬೇಕು, ಅವರ ಮಾತು ಕೇಳಬೇಕು ಅನ್ನುತ್ತದೆ ಅದು. ಇದು ಬರೀ ಔಪಚಾರಿಕ ಅಲ್ಲ, ಕಡ್ಡಾಯ ಅಂತ 2021ರಲ್ಲಿ ಹರಿರಾಮ್ ಭಾಂಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ನಾವು ಕಾಲೇಜಿನಲ್ಲಿ ಓದಿದ್ದು ಹಳೇ ಪುಸ್ತಕ. ಆಮೇಲೆ ತೆಗೆದು ನೋಡಲಿಲ್ಲ. ಅಕ್ಷರ ಬಾರದ ತಾಯಿಗೆ ಹೊಳೆದ ನ್ಯಾಯ ಅಕ್ಷರ ಬಂದ ನಮಗೆ ಹೊಳೆಯಲಿಲ್ಲ. ಆವತ್ತು ನಮಗೆ ಆದ ನಾಚಿಕೆಯೇ ಈ ಭಾಷಣ ಅಂತ ತಿಳಕೊಳ್ಳಿ.

ಜಮೀನಿನ ಮಾತಿಗೆ ಬನ್ನಿ. 1978ರ ಪಿಟಿಸಿಎಲ್ ಕಾಯ್ದೆ ನಿಮ್ಮ ಮನೆಗಳಲ್ಲಿ ಗೊತ್ತು. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಯಾರಾದರೂ ಬರೆಸಿಕೊಂಡಿದ್ದರೆ ಆ ಕ್ರಯ ಊರ್ಜಿತವಲ್ಲ, ಎ.ಸಿ.ಗೆ ಅರ್ಜಿ ಹಾಕಿ ಬಿಡಿಸಿಕೊಳ್ಳಬಹುದು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಮಂಜಸವಾದ ಕಾಲದೊಳಗೆ ಅರ್ಜಿ ಹಾಕಬೇಕು, ವಿಪರೀತ ತಡವಾದರೆ ನಿಲ್ಲುವುದಿಲ್ಲ ಅಂದಿತು. ಆ ತೀರ್ಪು ತೋರಿಸಿ ನಮ್ಮವರ ಎಷ್ಟೋ ಅರ್ಜಿ ವಜಾ ಆದವು. ಜನ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಕಾಲಮಿತಿಯ ಅಡ್ಡಿ ಇಲ್ಲ ಅಂತ. ಗೆದ್ದೆವು ಅಂದುಕೊಂಡೆವು. 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ತಿದ್ದುಪಡಿ ಬಂದರೂ ವಿಪರೀತ ವಿಳಂಬವನ್ನು ನೋಡಲೇಬೇಕಾಗುತ್ತದೆ ಅಂದಿತು.

ಏಳು ವರ್ಷದಲ್ಲಿ ಮೂರು ತಿರುವು! ಮೊದಲನೇ ತಿರುವಿನಲ್ಲೇ ನಿಂತುಬಿಟ್ಟ ವಕೀಲ 2023ರ ಮೇಲೂ "ನಿಮ್ಮ ಕೇಸು ಸತ್ತಿದೆ ಹೋಗಿ" ಅನ್ನುತ್ತಾನೆ. ಎರಡನೇದರಲ್ಲಿ ನಿಂತವನು "ಗೆದ್ದೇ ಗೆಲ್ತೀವಿ" ಅಂತ ಫೀಸು ತಗೊಂಡು, ತಡ ಯಾಕಾಯಿತು ಅನ್ನೋ ಕಾರಣವನ್ನೇ ಅರ್ಜಿಯಲ್ಲಿ ಬರೆಯೋದಿಲ್ಲ. ಇಬ್ಬರ ಕೈಯಲ್ಲೂ ಹೋಗೋದು ನಮ್ಮ ಎರಡೆಕರೆ. ಗೌಡನ ವಕೀಲ ಮಾತ್ರ ಹೊಸ ತೀರ್ಪಿನ ಪ್ರತಿ ಹಿಡಿದೇ ಬಂದಿರುತ್ತಾನೆ. ಅವನಿಗೆ ಪುಸ್ತಕಕ್ಕೆ ದುಡ್ಡಿದೆ, ನಾಲ್ಕು ಜನ ಜೂನಿಯರ್‌ಗಳಿದ್ದಾರೆ.

ಇದರ ಮೇಲೆ 2024ರ ಜುಲೈ 1ರಿಂದ ದಂಡಸಂಹಿತೆ, ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಮೂರು ಬಂದವು. ಕೊಲೆ ಅಂದರೆ 302 ಅಂತಿದ್ದೋರು 103 ಅನ್ನಬೇಕು. ತಲೆ ನರೆತ ವಕೀಲನೂ ಮತ್ತೆ ವಿದ್ಯಾರ್ಥಿಯೇ.

ಹಾಗಾದರೆ ಅವರಿಗೆ ಪಾಠ ಹೇಳೋರು ಯಾರು? ನ್ಯಾಯಾಧೀಶರಿಗೆ ಭೋಪಾಲದಲ್ಲಿ ರಾಷ್ಟ್ರೀಯ ಅಕಾಡೆಮಿ ಇದೆ, ಬೆಂಗಳೂರಿನಲ್ಲಿ ರಾಜ್ಯದ ಅಕಾಡೆಮಿ ಇದೆ. ವಕೀಲರ ಕಾಯ್ದೆ 1961ರದು. ಸನ್ನದು ಪಡೆದವನು ಆಮೇಲೂ ಓದುತ್ತಿದ್ದಾನೋ ಇಲ್ಲವೋ ಅಂತ ಅದು ಕೇಳೋದಿಲ್ಲ. 2010ರಿಂದ ಈಚೆಗೆ ಪದವಿ ಪಡೆದವರು ಬಾರ್ ಕೌನ್ಸಿಲ್ಲಿನ ಅಖಿಲ ಭಾರತ ಪರೀಕ್ಷೆಯನ್ನು ಒಮ್ಮೆ ಪಾಸು ಮಾಡಬೇಕು. ಅಲ್ಲಿಗೆ ಮುಗೀತು. ಉಪನ್ಯಾಸ, ಕಮ್ಮಟ ನಡೆಯುತ್ತವೆ. ಹೋಗೋರು ಹೋಗ್ತಾರೆ, ಬಿಡೋರು ಬಿಡ್ತಾರೆ. ಅಮೆರಿಕದ ಮಿನ್ನೆಸೋಟ ರಾಜ್ಯ 1975ರಲ್ಲೇ ಇದನ್ನು ಕಡ್ಡಾಯ ಮಾಡಿತು. ಮೂರು ವರ್ಷಕ್ಕೆ 45 ಗಂಟೆ ಪಾಠ ಕೇಳಬೇಕು. ಅದರಲ್ಲಿ ಪೂರ್ವಗ್ರಹ ಕಳೆಯುವ ಪಾಠವೂ ಸೇರಿದೆ. ನಮ್ಮ ಹಾಗೇ ಬಡದೇಶವಾದ ಫಿಲಿಪೈನ್ಸಿನಲ್ಲಿ ಮೂರು ವರ್ಷಕ್ಕೆ 36 ಗಂಟೆ. ಅಲ್ಲಿ ಆಗೋದಾದರೆ ಇಲ್ಲಿ ಯಾಕಾಗದು?

ಆದರೆ ಹುಷಾರಾಗಿರಬೇಕು. ಕಡ್ಡಾಯ ಅಂದಕೂಡಲೇ ಅದು ಹೋಟೆಲ್ಲಿನ ಹಾಲಿನಲ್ಲಿ, ಸಾವಿರಾರು ರೂಪಾಯಿ ಫೀಸಿನಲ್ಲಿ, ಇಂಗ್ಲಿಷಿನಲ್ಲಿ ನಡೆದು, ಸಹಿ ಹಾಕಿ ಊಟ ಮಾಡಿ ಬರೋ ಜಾತ್ರೆಯಾದರೆ ನಮಗೇನು ಬಂತು? ಹಾಸ್ಟೆಲಿನಿಂದ ಹೋದ ಜೂನಿಯರ್‌ಗೆ ಬಸ್ ಚಾರ್ಜಿಗೇ ಕಷ್ಟ. ದುಡ್ಡು ಹೇಗೆ ಗೋಡೆಯಾಗುತ್ತದೆ ಅನ್ನೋದಕ್ಕೆ ಸನ್ನದಿನ ಫೀಸೇ ಸಾಕ್ಷಿ. ರಾಜ್ಯಗಳ ಬಾರ್ ಕೌನ್ಸಿಲ್‌ಗಳು ಮನಸ್ಸಿಗೆ ಬಂದಷ್ಟು ವಸೂಲಿ ಮಾಡುತ್ತಿದ್ದವು. ಪರಿಶಿಷ್ಟರಿಗೆ 125 ರೂಪಾಯಿ, ಉಳಿದವರಿಗೆ 750, ಇದಕ್ಕಿಂತ ಹೆಚ್ಚು ತಗೋಬಾರದು ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಲಾ ಓದ್ತಿರೋರು ಈ ಅಂಕಿ ಬರೆದಿಟ್ಟುಕೊಳ್ಳಿ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ವಕೀಲರ ಮುಂದುವರಿದ ಶಿಕ್ಷಣ ಕಡ್ಡಾಯವಾಗಲಿ. ಅದು ಪುಕ್ಕಟೆಯಾಗಿರಲಿ, ಕನ್ನಡದಲ್ಲಿರಲಿ, ತಾಲ್ಲೂಕು ಕೇಂದ್ರಗಳಲ್ಲಿ ಭಾನುವಾರ ನಡೆಯಲಿ. ದೌರ್ಜನ್ಯ ತಡೆ ಕಾಯ್ದೆ, ಪಿಟಿಸಿಎಲ್ ಎರಡೂ ಆ ಪಾಠದಲ್ಲಿ ಇರಲೇಬೇಕು. ಮುಖ್ಯವಾಗಿ ಸರ್ಕಾರಿ ವಕೀಲರು ಆ ಪಾಠಕ್ಕೆ ಕೂರಲೇಬೇಕು. ಮೇಷ್ಟ್ರುಗಳು ಎಲ್ಲ ಒಂದೇ ಕೇರಿಯಿಂದ ಬಂದೋರಾಗಬಾರದು.

ಬಾಬಾಸಾಹೇಬರನ್ನು ನೆನೆಯಿರಿ. 1923ರಲ್ಲಿ ಬೊಂಬಾಯಿಯಲ್ಲಿ ವಕೀಲಿ ಶುರುಮಾಡಿದಾಗ ಅವರ ಹತ್ತಿರ ಎಷ್ಟು ಪದವಿ ಇದ್ದವು! ಆದರೂ ಓದು ನಿಲ್ಲಲಿಲ್ಲ. 1927ರಲ್ಲಿ ಮಹಾಡದ ಕೆರೆ ನೀರು ಮುಟ್ಟಿದ್ದಕ್ಕೆ ಸವರ್ಣೀಯರು ಕೋರ್ಟಿಗೆ ಹೋದರು. ಅದು ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ. ಅನಾದಿ ಕಾಲದ ಪದ್ಧತಿ ಅಂದವರಿಂದ ಅದು ಅನಾದಿ ಅಂತ ರುಜುವಾತು ಮಾಡಲಾಗಲಿಲ್ಲ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕಾನೂನಿನ ಕಾದಾಟ ಕಣ್ರಪ್ಪ.

ಸರ್ಕಾರ ಕೊಡೋತನಕ ಕಾಯೋದು ಬೇಡ. ಈ ಹಾಸ್ಟೆಲಿನಲ್ಲೇ ತಿಂಗಳಿಗೆ ಎರಡು ಭಾನುವಾರ ಕೂರೋಣ. ಒಂದು ಕಲಂ, ಒಂದು ತೀರ್ಪು, ಒಂದು ಅರ್ಜಿ. ಲಾ ಓದೋರು ಓದಿ ಹೇಳಲಿ, ಬಿ.ಎ., ಬಿ.ಎಸ್ಸಿ.ಯವರು ಅದನ್ನು ಕೇರಿಯ ಮಾತಿನಲ್ಲಿ ಬರೆಯಲಿ. ಸುತ್ತಲಿನ ಕೋರ್ಟುಗಳ ನಮ್ಮ ಜೂನಿಯರ್‌ಗಳೂ ಬಂದು ಕೂರಲಿ. ನಾವೂ ಬರ್ತೀವಿ. ಕಲಿಸೋಕೆ ಅಂತ ಅಲ್ಲ, ನಾವು ಕಲಿಯೋದು ಬಾಕಿ ಇದೆ.

ಮೊದಲನೇ ಪಾಠ 15ಎ. ಆ ತಾಯಿಯ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ.

ಜೈ ಭೀಮ್.