ಪಶ್ಚಾತ್ತಾಪವನ್ನು ನರ್ತಿಸಬಹುದೆ?

ಕಾದಂಬರಿಯೊಂದನ್ನು ನೃತ್ಯರೂಪಕವಾಗಿ ಅಳವಡಿಸಹೊರಟವರಿಗೆ ಪ್ರಣಯವಾಗಲಿ ಯುದ್ಧವಾಗಲಿ ಹೆಚ್ಚಿನ ತೊಡಕನ್ನೊಡ್ಡುವುದಿಲ್ಲ. ತೊಡಕಿರುವುದು ಪಶ್ಚಾತ್ತಾಪದಲ್ಲಿ. ಪಶ್ಚಾತ್ತಾಪ ಕಳೆದುಹೋದ ಕಾಲವನ್ನು ಕುರಿತದ್ದು. ನೃತ್ಯಕ್ಕಾದರೋ ಇರುವುದು ವರ್ತಮಾನವೊಂದೇ. 'ನಾನು ಹಾಗೆ ಮಾಡಬಾರದಿತ್ತು' ಎಂಬ ಮಾತಿಗೆ ಯಾವ ಹಸ್ತಮುದ್ರೆಯುಂಟು?

ಇಯನ್ ಮೆಕ್ಯೂವನ್ ಎಂಬ ಇಂಗ್ಲಿಷ್ ಲೇಖಕರ 'ಅಟೋನ್‌ಮೆಂಟ್' ಕಾದಂಬರಿ ಪ್ರಕಟವಾದದ್ದು 2001ರಲ್ಲಿ. ಆ ಹೆಸರಿಗೆ ಪ್ರಾಯಶ್ಚಿತ್ತವೆಂದು ಅರ್ಥ. 1935ರ ಬೇಸಗೆಯ ಒಂದು ರಾತ್ರಿ, 13 ವರ್ಷದ ಬ್ರಯೋನಿ ಕತ್ತಲಲ್ಲಿ ಸರಿಯಾಗಿ ಕಾಣದುದನ್ನು ಕಂಡೆನೆಂದು ಸಾಕ್ಷಿ ನುಡಿಯುತ್ತಾಳೆ. ಅಕ್ಕನ ಪ್ರಿಯಕರ ನಿರಪರಾಧಿಯಾಗಿಯೂ ಸೆರೆಮನೆ ಸೇರಿ, ಅಲ್ಲಿಂದ ಯುದ್ಧಭೂಮಿಗೆ ಹೋಗುತ್ತಾನೆ. ಮುಂದೆ ಲೇಖಕಿಯಾದ ಬ್ರಯೋನಿ ಆ ಪ್ರೇಮಿಗಳನ್ನು ತನ್ನ ಬರಹದಲ್ಲಿ ಒಂದುಗೂಡಿಸುತ್ತಾಳೆ. ವಾಸ್ತವವಾಗಿ ಅವರಿಬ್ಬರೂ 1940ರಲ್ಲಿಯೇ ಸತ್ತಿದ್ದರೆಂದು ನಮಗೆ ತಿಳಿಯುವುದು ಕೊನೆಯಲ್ಲಿ. ಕ್ಷಮಿಸಬೇಕಾದವರೇ ಇಲ್ಲದ ಮೇಲೆ ಕ್ಷಮೆ ಎಲ್ಲಿಂದ ಬರಬೇಕು?

ಈ ಕೃತಿಯನ್ನು ಕ್ಯಾಥಿ ಮಾರ್ಸ್ಟನ್ 2024ರಲ್ಲಿ ಜೂರಿಕ್ ನಗರದಲ್ಲಿ ಬ್ಯಾಲೆಯಾಗಿ ರಂಗಕ್ಕೆ ತಂದರು. ಅದೇ ವರ್ಷ ಶಿಕಾಗೋದ ಜಾಫ್ರಿ ತಂಡವೂ ಅದನ್ನು ಪ್ರದರ್ಶಿಸಿತು. ಅವರು ಮಾಡಿದ ಮುಖ್ಯ ಮಾರ್ಪಾಟೆಂದರೆ, ಬ್ರಯೋನಿಯನ್ನು ಲೇಖಕಿಯ ಬದಲು ನೃತ್ಯ ಸಂಯೋಜಕಿಯನ್ನಾಗಿಸಿದ್ದು. ಇದು ಮೂಲಕ್ಕೆ ಎಸಗಿದ ಅಪಚಾರವೆಂದು ನನಗೆ ತೋರುವುದಿಲ್ಲ. ಬರೆಯುತ್ತ ಕುಳಿತವಳ ಅಂತರಂಗವನ್ನು ರಂಗದ ಮೇಲೆ ತೋರುವುದು ಕಷ್ಟ. ನೃತ್ಯವನ್ನೇ ಕಟ್ಟುವವಳಾದರೆ, ಅವಳ ಹುಸಿಗೂ ತಪ್ಪೊಪ್ಪಿಗೆಗೂ ಮೈಯೇ ಭಾಷೆಯಾಗುತ್ತದೆ.

ಇದನ್ನು ಯೋಚಿಸುವಾಗ ಅರೇಹಳ್ಳಿಯ ನಿವಾಸಿಯಾದ ನನಗೆ ನಮ್ಮ ಸೀಮೆಯ ಕವಿಯೇ ನೆನಪಾಗುತ್ತಾನೆ. ಇಂದಿನ ಹಳೇಬೀಡು ಅಂದಿನ ದೋರಸಮುದ್ರ. ಅಲ್ಲಿಂದ ಆಳಿದ ಹೊಯ್ಸಳ ವೀರಬಲ್ಲಾಳನ ಆಸ್ಥಾನಕವಿ ಜನ್ನ, 1209ರಲ್ಲಿ 'ಯಶೋಧರ ಚರಿತೆ'ಯನ್ನು ರಚಿಸಿದ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ನಾಟಕಕ್ಕೆ ಬೀಜ ಇದೇ ಕಥೆ.

ರಾಣಿ ಅಮೃತಮತಿ ಮಾವುತನಿಗೆ ಒಲಿದುದನ್ನು ಕಂಡ ಯಶೋಧರ, ಆ ವ್ಯಥೆಯನ್ನು ತಾಯಿಯಿಂದ ಮರೆಸಲು ಕೆಟ್ಟ ಕನಸು ಬಿತ್ತೆಂದು ಹುಸಿ ನುಡಿಯುತ್ತಾನೆ. ಶಾಂತಿಗಾಗಿ ಪ್ರಾಣಿಬಲಿಯಾಗಬೇಕೆಂದು ತಾಯಿ ಹಟ ಹಿಡಿಯುತ್ತಾಳೆ. ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುವುದೆಂದು ಒಪ್ಪಂದ. ಕತ್ತಿ ಬಿದ್ದೊಡನೆ ಆ ಕೋಳಿ ಕೂಗುತ್ತದೆ! ಜೀವವಿಲ್ಲದುದನ್ನು ಕಡಿದರೂ ಕೊಲ್ಲುವ ಸಂಕಲ್ಪ ನಿಜವಾದದ್ದು. ಅದರ ಫಲವಾಗಿ ತಾಯಿಮಗನಿಗೆ ಜನ್ಮಜನ್ಮಾಂತರದ ಅಲೆದಾಟ.

ನೃತ್ಯಕ್ಕೆ ಇದಕ್ಕಿಂತ ಒಳ್ಳೆಯ ಸನ್ನಿವೇಶ ದೊರೆಯುವುದು ಅಪೂರ್ವ. ನರ್ತಕನ ಮುಂದೆ ಹಿಟ್ಟಿನ ಕೋಳಿಯೂ ಇಲ್ಲ, ಜೀವದ ಕೋಳಿಯೂ ಇಲ್ಲ. ಇರುವುದು ಬೀಸುವ ಕೈ ಒಂದೇ. ಎರಡಕ್ಕೂ ಅದು ಒಂದೇ ರೀತಿಯಲ್ಲಿ ಏಳಬೇಕು, ಒಂದೇ ರೀತಿಯಲ್ಲಿ ಇಳಿಯಬೇಕು. ಶಾಸ್ತ್ರಗಳು ಸಂಕಲ್ಪಹಿಂಸೆಯೆಂದು ವಿವರಿಸುವುದನ್ನು ಆ ಕೈ ಮಾತಿಲ್ಲದೆ ತೋರಿಸಬಲ್ಲದು.

ಇನ್ನು ಕ್ಷಮೆಯ ಮಾತು. ಅದೇ ಯಶೋಧರ ಮುಂದೆ ಅಭಯರುಚಿಯಾಗಿ ಹುಟ್ಟಿ, ಮಾರಿದತ್ತನೆಂಬ ರಾಜನ ಮುಂದೆ ತಾನೇ ನರಬಲಿಯಾಗಿ ನಿಲ್ಲುತ್ತಾನೆ. ಅವನು ಪ್ರಾಣಭಿಕ್ಷೆ ಬೇಡುವುದಿಲ್ಲ, ತನ್ನ ಕಥೆಯನ್ನು ಹೇಳುತ್ತಾನೆ. ಕೇಳಿದ ರಾಜ ಹಿಂಸೆಯನ್ನು ತೊರೆದು ದೀಕ್ಷೆ ಪಡೆಯುತ್ತಾನೆ. ಬ್ರಯೋನಿಯ ಕಥನ ಸತ್ತವರನ್ನು ಕಲ್ಪನೆಯಲ್ಲಿ ಕೂಡಿಸಿತು. ಅಭಯರುಚಿಯ ಕಥನ ಬದುಕಿರುವವರನ್ನು ಉಳಿಸಿತು. ಅಪರಾಧಕ್ಕೆ ಗುರಿಯಾದವರಿಂದ ಕ್ಷಮೆ ಬಾರದೆ ಹೋಗಬಹುದು. ಆದರೆ ತಪ್ಪನ್ನು ಮರೆಮಾಚದೆ ಹೇಳಿದಾಗ ಬೇರೊಬ್ಬನ ಎತ್ತಿದ ಕತ್ತಿ ನಿಲ್ಲಬಹುದು. ಈ ಕಥೆಯನ್ನು ಕುಣಿಯುವವರು ಆಲಿಂಗನದಲ್ಲಿ ಮುಗಿಸಬೇಕಾಗಿಲ್ಲ. ಎತ್ತಿದ ಕೈ ಮೆಲ್ಲನೆ ಇಳಿದರೆ ಸಾಕು.