ಪಾಲೆಯ ಕಹಿ, ಕಾಸರಕದ ಕಹಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ತುಳು ತಿಂಗಳಾದ ಆಟಿಯ ಅಮಾವಾಸ್ಯೆಯ ಬೆಳಗ್ಗೆ ಬರಿಹೊಟ್ಟೆಗೆ ಕುಡಿಯುವ, ಪಾಲೆ ಮರದ ತೊಗಟೆಯ ಕಷಾಯದಲ್ಲಿ ಸಾವಿರದೊಂದು ಮದ್ದು ಇದೆ ಎನ್ನುವವರಿದ್ದಾರೆ. ಅದೆಲ್ಲ ಬರೀ ನಂಬಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ. ಈ ಆಚರಣೆಯಲ್ಲಿ ನಾವು ಉಳಿಸಿಕೊಳ್ಳಲೇಬೇಕಾದ ವಿದ್ಯೆ ಮರವನ್ನು ಗುರುತಿಸುವುದು ಎಂಬುದು ನನ್ನ ವಾದ. ಪಾಲೆಯ ತೊಗಟೆಯಲ್ಲಿ ಎಕಿಟಮಿನ್ ಮೊದಲಾದ ಆಲ್ಕಲಾಯ್ಡ್‌ಗಳಿವೆ, ಕಹಿ ಅವುಗಳದ್ದೇ. 19ನೇ ಶತಮಾನದಲ್ಲಿ ಈ ತೊಗಟೆ ಮಲೇರಿಯಾದ ಮದ್ದಾದ ಕ್ವಿನೈನ್‌ಗೆ ಬದಲಿಯಾದೀತೆಂದು ಯುರೋಪಿನ ವೈದ್ಯರೂ ಆಸೆಪಟ್ಟಿದ್ದರು. ಮುಂದೆ ಪರೀಕ್ಷಿಸಿದಾಗ ಎಕಿಟಮಿನ್ ಮಲೇರಿಯಾಕ್ಕೆ ನಾಟಲಿಲ್ಲ. ಪಾಲೆಯದೇ ಕುಟುಂಬದ ಸರ್ಪಗಂಧದಿಂದ 1952ರಲ್ಲಿ ಬೇರ್ಪಡಿಸಿದ ರಿಸರ್ಪಿನ್ ಮಾತ್ರ ರಕ್ತದೊತ್ತಡದ ಮದ್ದಾಗಿ ಜಗತ್ತಿಗೇ ಹರಡಿತು. ಗಿಡದಲ್ಲಿ ರಾಸಾಯನಿಕ ಸಿಕ್ಕಿತೆಂದ ಮಾತ್ರಕ್ಕೆ ರೋಗ ವಾಸಿಯಾಗುತ್ತದೆ ಎನ್ನಲಾಗದು. ಒಂದೊಂದನ್ನೂ ಪರೀಕ್ಷಿಸಿಯೇ ತಿಳಿಯಬೇಕು.

ಹಿರಿಯರು ತಲೆತಲಾಂತರದಿಂದ ಕುಡಿದಿದ್ದಾರೆ, ಏನೂ ಆಗಿಲ್ಲ, ರಸಾಯನಶಾಸ್ತ್ರದ ಹಂಗೇಕೆ ಎಂದು ಕೇಳಬಹುದು. ಹಿರಿಯರಿಗೆ ಗುಡ್ಡದ ಒಂದೊಂದು ಮರವೂ ಪರಿಚಿತ, ನಮಗೆ ಹಾಗಲ್ಲ. ಅದೇ ಗುಡ್ಡದಲ್ಲಿ ಕಾಸರಕ ಎಂಬ ವಿಷದ ಮರವೂ ಬೆಳೆಯುತ್ತದೆ. ಅದರ ತೊಗಟೆಯಲ್ಲೂ ಬೀಜದಲ್ಲೂ ಬ್ರೂಸಿನ್, ಸ್ಟ್ರಿಕ್ನಿನ್ ಇವೆ. ಸ್ಟ್ರಿಕ್ನಿನ್ ಬೆನ್ನುಹುರಿಯಲ್ಲಿ ಸ್ನಾಯುಗಳನ್ನು ಹತೋಟಿಯಲ್ಲಿಡುವ ಸಂಕೇತವನ್ನೇ ತಡೆಯುತ್ತದೆ. ಮೈ ಸೆಟೆದು ಉಸಿರು ನಿಲ್ಲುತ್ತದೆ. ಎಕಿಟಮಿನ್, ಸ್ಟ್ರಿಕ್ನಿನ್ ಎರಡೂ ಇಂಡೋಲ್ ಆಲ್ಕಲಾಯ್ಡ್‌ಗಳೇ, ಎರಡೂ ಕಹಿ. ನಾಲಿಗೆಯನ್ನು ನಂಬುವಂತಿಲ್ಲ. ಕುದಿಸಿದರೂ ವಿಷ ಇಳಿಯದು. ಕಷಾಯಕ್ಕೆ ಸೇರಿಸುವ ಓಮ, ಬೆಳ್ಳುಳ್ಳಿ, ಕರಿಮೆಣಸು ಅದನ್ನು ಮುರಿಯಲಾರವು. ಕಣ್ಣಿಗೆ ಮಾತ್ರ ವ್ಯತ್ಯಾಸ ಸ್ಪಷ್ಟ: ಪಾಲೆಯಲ್ಲಿ ಒಂದೇ ಗೆಣ್ಣಿನಿಂದ ನಾಲ್ಕರಿಂದ ಏಳು ಉದ್ದನೆಯ ಎಲೆಗಳು ಸುತ್ತಲೂ ಹರಡಿರುತ್ತವೆ, ಕಲ್ಲಿನಿಂದ ಗುದ್ದಿದರೆ ತೊಗಟೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರು ಜೋಡಿ, ಅಗಲ, ಹೊಳಪು. ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲಿಲ್ಲ.

ಇಷ್ಟು ಅಪಾಯವಿದ್ದರೆ ಆಚರಣೆಯನ್ನೇ ಬಿಟ್ಟುಬಿಡಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಮನೆಯ ಮಕ್ಕಳು ಒಂದು ಕಾಡುಮರದ ಹತ್ತಿರ ಹೋಗುವ ದಾರಿ ಮುಚ್ಚಬಾರದು. ಆದರೆ ತೊಗಟೆ ತರಲು ಹೋಗುವ ಸೂರ್ಯೋದಯಕ್ಕೆ ಮೊದಲಿನ ಕತ್ತಲು, ಆಟಿಯ ಮಳೆ ಎರಡೂ ತಪ್ಪಿಗೆ ದಾರಿ ಮಾಡುತ್ತವೆ. ಕೆಲವೆಡೆ ಹಿಂದಿನ ದಿನವೇ ಮರಕ್ಕೆ ದಾರ ಕಟ್ಟಿ ಬರುವ ಕ್ರಮವಿದೆ. ಅದು ಎಲ್ಲ ಮನೆಗೂ ಬರಲಿ, ಹಗಲಲ್ಲಿ ಎಲೆ ನೋಡಿಯೇ ದಾರ ಕಟ್ಟಲಿ. ನೂರಾರು ಜನರಿಗೆ ಕಷಾಯ ಹಂಚುವ ಸಂಘಗಳು ಸಸ್ಯ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯಲಿ. ಕುಡಿದ ಮೇಲೆ ಯಾರದ್ದಾದರೂ ಕತ್ತು ಬಿಗಿದರೆ, ಕೈಕಾಲು ಸೆಟೆದರೆ, ಕಷಾಯದ ನಂತರ ಕುಡಿಯುವ ಮೆಂತೆಗಂಜಿ ಕೊಟ್ಟು ತಂಪಾಗಲೆಂದು ಕಾಯಬೇಡಿ. ಉಳಿದ ತೊಗಟೆಯ ತುಂಡನ್ನೂ ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ.